ಒಲೆಯ ಹೊಗೆಗೆ ಹೆದರದ ಊರು

ಹದಿನೇಳನೆಯ ಶತಮಾನದ ಲಂಡನ್ ನಗರದಲ್ಲಿ ವಾರವಾರವೂ ಸಾವಿನ ಪಟ್ಟಿಯೊಂದು ಅಚ್ಚಾಗಿ ಹೊರಬೀಳುತ್ತಿತ್ತು. ಊರಿನ ಯಾವ ಭಾಗದಲ್ಲಿ ಎಷ್ಟು ಜನ, ಯಾವ ಕಾಯಿಲೆಯಿಂದ ತೀರಿಕೊಂಡರೆಂಬ ಲೆಕ್ಕ ಅದರಲ್ಲಿರುತ್ತಿತ್ತು. ಸ್ಥಿತಿವಂತರು ಅದನ್ನು ಹಣ ಕೊಟ್ಟು ತರಿಸಿ, ಪ್ಲೇಗಿನ ಅಂಕಿ ಏರಿತೋ ಇಳಿಯಿತೋ ಎಂದು ನೋಡಿ, ಏರಿದ್ದರೆ ಗಾಡಿ ಕಟ್ಟಿಸಿ ಹಳ್ಳಿಯ ಕಡೆ ಹೊರಡುತ್ತಿದ್ದರು. ಪಟ್ಟಿಯ ಉಪಯೋಗ ಅಲ್ಲಿಗೆ ಮುಗಿಯಿತು. ಜಾನ್ ಗ್ರಾಂಟ್ ಎಂಬ ಜವಳಿ ವ್ಯಾಪಾರಿಗೆ ಮಾತ್ರ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಆತ ಇಪ್ಪತ್ತು ವರ್ಷಗಳ ಪಟ್ಟಿಗಳನ್ನು ಮುಂದಿಟ್ಟುಕೊಂಡು, ಅಂಗಡಿಯ ಖಾತೆ ಕಿರ್ದಿ ನೋಡುವವನ ಶ್ರದ್ಧೆಯಿಂದ ಕೂಡಿಸಿ ಗುಣಿಸಿ 1662ರಲ್ಲಿ ಒಂದು ಪುಟ್ಟ ಪುಸ್ತಕ ಪ್ರಕಟಿಸಿದ. ಒಟ್ಟು ಸಾವು 2,29,250. ಜನ ಕೆಲವು ಹೆಸರಾಂತ ರೋಗಗಳಿಗೆ ಅಂಜಿ ಅಂಜಿ ಬಾಳುತ್ತಾರೆ, ಅವುಗಳಿಂದ ನಿಜವಾಗಿ ಸತ್ತವರೆಷ್ಟೆಂದು ಬರೆದಿಡುತ್ತೇನೆ, ಒಟ್ಟು ಲೆಕ್ಕದೊಡನೆ ಹೋಲಿಸಿ ತಮಗಿರುವ ಅಪಾಯ ಎಷ್ಟೆಂದು ಅವರೇ ತಿಳಿದುಕೊಳ್ಳಲಿ ಎಂಬುದು ಅವನ ಮಾತಿನ ತಾತ್ಪರ್ಯ. ಎಲ್ಲರೂ ಬೆಚ್ಚಿ ಬೀಳುತ್ತಿದ್ದ ಕುಷ್ಠದಿಂದ ಇಪ್ಪತ್ತು ವರ್ಷದಲ್ಲಿ ಸತ್ತವರು 6 ಮಂದಿ. ಹುಚ್ಚಿನಿಂದ 158. ಅದೇ ಅವಧಿಯಲ್ಲಿ ಸತ್ತವರಲ್ಲಿ ಸುಮಾರು ಮೂರನೆಯ ಒಂದು ಪಾಲು, ಎಳೆಯ ಮಕ್ಕಳಿಗೆ ಬರುವ ಸಾಧಾರಣ ಬೇನೆಗಳಿಂದ ಹೋದವರು. ಅದಕ್ಕೆ ಯಾರೂ ಗಾಡಿ ಕಟ್ಟಿಸಿದವರಿಲ್ಲ.

ಅಂಕಿ ಕಣ್ಣಿಗೆ ಬಿದ್ದರೆ ಭಯವು ತಾನಾಗಿ ಸರಿಯಾದ ಜಾಗಕ್ಕೆ ಬಂದು ಕುಳಿತುಕೊಳ್ಳುತ್ತದೆ ಎಂದು ಆ ವ್ಯಾಪಾರಿ ನಂಬಿದ್ದ. ಆದರೆ ಅವನ ಊರಿನ ಮುಂದಿನ ಮುನ್ನೂರು ವರ್ಷಗಳ ಕಥೆ ಬೇರೆ ರೀತಿ ಸಾಗಿತು. ಆ ಕಥೆ ಕಲ್ಲಿದ್ದಲಿನ ಹೊಗೆಯದು.

ಲಂಡನ್ನಿಗೆ ಕಲ್ಲಿದ್ದಲು ಬಂದದ್ದು ಇಂಗ್ಲೆಂಡಿನ ಈಶಾನ್ಯದ ಗಣಿಗಳಿಂದ ಹಡಗಿನಲ್ಲಿ. ಕಡಲ ದಾರಿಯಿಂದ ಬಂದದ್ದರಿಂದ ಜನ ಅದನ್ನು ಕಡಲ ಇದ್ದಿಲು ಎಂದೇ ಕರೆದರು. ಮೊದಮೊದಲು ಅದನ್ನು ಸುಟ್ಟವರು ಸುಣ್ಣದ ಗೂಡಿನವರು, ಕಮ್ಮಾರರು. ಅದರ ವಾಸನೆಯನ್ನು ಯಾರೂ ಸಹಿಸುತ್ತಿರಲಿಲ್ಲ. 1257ರಲ್ಲಿ ರಾಣಿ ಎಲಿನಾರ್ ನಾಟಿಂಗ್‌ಹ್ಯಾಮ್ ಊರಿನಲ್ಲಿ ಈ ಹೊಗೆ ತಾಳಲಾರದೆ ಬಿಡಾರ ಕಿತ್ತಳು. ಹದಿನಾಲ್ಕನೆಯ ಶತಮಾನದ ಮೊದಲ ವರ್ಷಗಳಲ್ಲಿ ದೊರೆ ಒಂದನೆಯ ಎಡ್ವರ್ಡ್ ಲಂಡನ್ನಿನ ಗೂಡುಗಳಲ್ಲಿ ಕಲ್ಲಿದ್ದಲು ಸುಡಕೂಡದೆಂದು ಆಜ್ಞೆ ಹೊರಡಿಸಿದ. ಹೊಸ ವಸ್ತು, ಪರಸ್ಥಳದ್ದು, ಕೆಲವೇ ಕಸುಬಿನವರ ಕೈಯಲ್ಲಿದ್ದದ್ದು, ಹೆದರುವುದು ಸುಲಭವಾಗಿತ್ತು.

ಮುಂದೆ ಊರು ಬೆಳೆಯಿತು, ಸುತ್ತಲ ಕಾಡು ಕರಗಿತು, ಸೌದೆಯ ಬೆಲೆ ಏರಿತು. ಹದಿನಾರನೆಯ ಶತಮಾನ ಮುಗಿಯುವ ಹೊತ್ತಿಗೆ ಕಲ್ಲಿದ್ದಲು ಬಡವರ ಅಡಿಗೆಮನೆಗೂ, ಸ್ವಲ್ಪ ಕಾಲದಲ್ಲೇ ಶ್ರೀಮಂತರ ನಡುಮನೆಗೂ ಬಂದು ಸೇರಿತು. ಹೊಗೆ ಹತ್ತರಷ್ಟಾಯಿತು. ಭಯ ಮಾತ್ರ ಹಾಗೆ ಬೆಳೆಯಲಿಲ್ಲ.

1661ರಲ್ಲಿ, ಎಂದರೆ ಗ್ರಾಂಟನ ಪುಸ್ತಕಕ್ಕೆ ಒಂದು ವರ್ಷ ಮೊದಲು, ಜಾನ್ ಈವ್ಲಿನ್ ಎಂಬ ಪಂಡಿತ ದೊರೆ ಎರಡನೆಯ ಚಾರ್ಲ್ಸನಿಗೆ ‘ಫ್ಯೂಮಿಫ್ಯೂಜಿಯಂ’ ಎಂಬ ಬಿನ್ನಹದ ಪುಸ್ತಿಕೆ ಅರ್ಪಿಸಿದ. ಹೊಗೆಯಿಂದ ಕೆಮ್ಮು, ಕ್ಷಯ, ಬಟ್ಟೆಗೆ ಮಸಿ, ತೋಟಕ್ಕೆ ಹಾನಿ ಎಂದು ಅದರಲ್ಲಿ ಸೊಗಸಾಗಿ ವರ್ಣಿಸಿದ್ದಾನೆ. ಅಪರಾಧಿಗಳು ಯಾರೆಂದೂ ಹೆಸರಿಸಿದ್ದಾನೆ: ಬೀರು ಕಾಯಿಸುವವರು, ಬಣ್ಣಗಾರರು, ಸುಣ್ಣ ಸುಡುವವರು, ಸಾಬೂನು ಬೇಯಿಸುವವರು. ಅವರನ್ನೆಲ್ಲ ಊರಾಚೆಗೆ ಕಳಿಸಿ, ಸುತ್ತಲೂ ಪರಿಮಳದ ಹೂಗಿಡ ನೆಡಬೇಕೆಂಬುದು ಅವನ ಸಲಹೆ. ಅಡಿಗೆಯ ಒಲೆಗಳ ವಿಷಯ? ಆ ಹೊಗೆ ಗಮನಕ್ಕೆ ಬರುವಷ್ಟೂ ಇಲ್ಲವೆಂದು ತಳ್ಳಿಹಾಕಿಬಿಟ್ಟ. ಅಷ್ಟು ತೀಕ್ಷ್ಣ ಮೂಗಿನ ಮನುಷ್ಯನಿಗೂ ತನ್ನ ಮನೆಯ ಹೊಗೆಗೂಡು ಕಾಣಿಸಲಿಲ್ಲ.

ನಾಲ್ಕು ವರ್ಷ ಕಳೆದು 1665ರಲ್ಲಿ ಮಹಾ ಪ್ಲೇಗು ಬಂದಾಗ ಹೊಗೆಯೇ ಔಷಧವಾಯಿತು. ಕೆಟ್ಟ ಗಾಳಿಯಿಂದ ರೋಗ ಹುಟ್ಟುತ್ತದೆಂಬುದು ಆ ಕಾಲದ ವೈದ್ಯಶಾಸ್ತ್ರ. ಗಾಳಿಯನ್ನು ಶುದ್ಧಿ ಮಾಡಲು ನಗರಾಧ್ಯಕ್ಷರ ಅಪ್ಪಣೆಯಂತೆ ಬೀದಿ ಬೀದಿಯಲ್ಲಿ ಕಲ್ಲಿದ್ದಲಿನ ಬೆಂಕಿ ಹಾಕಿದರು. ಮಳೆ ಬಂದು ಆರಿಸುವವರೆಗೆ ಹಗಲೂ ರಾತ್ರಿ ಉರಿಸಿದರು. ಈ ನಂಬಿಕೆ ಇನ್ನೂರು ವರ್ಷ ಉಳಿಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಊರಿಗೆಲ್ಲ ಹೆದರಿಕೆಯಿದ್ದದ್ದು ದುರ್ವಾಸನೆಗೆ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ಕೊಳೆತು ನಾರಿದಾಗ ಪಾರ್ಲಿಮೆಂಟಿನ ಪರದೆಗಳನ್ನು ಸುಣ್ಣದ ಕ್ಲೋರೈಡ್ ಕಲಸಿದ ನೀರಿನಲ್ಲಿ ನೆನೆಸಿ ಇಳಿಬಿಡಬೇಕಾಯಿತು. ಕೆಲವೇ ವಾರಗಳಲ್ಲಿ ಕಾನೂನು ಪಾಸಾಗಿ, ಬ್ಯಾಜಲ್ಜೆಟ್ ಎಂಬ ಎಂಜಿನಿಯರನ ದೊಡ್ಡ ಒಳಚರಂಡಿಗಳಿಗೆ ಹಣ ಸಿಕ್ಕಿತು. ಕೊನೆಗೆ ಕಾಲರಾ ಇಳಿಮುಖವಾಯಿತು. ಕಾರಣ ತಪ್ಪು ತಿಳಿದಿದ್ದರೂ ಕೆಲಸ ಸರಿಯಾಯಿತು. ಚರಿತ್ರೆಯಲ್ಲಿ ಇಂಥ ಅದೃಷ್ಟ ಎಷ್ಟೋ ಸಲ ಖುಲಾಯಿಸಿದೆ. ಆದರೆ ಅದೇ ತಿಳುವಳಿಕೆಯ ಪ್ರಕಾರ ಹೊಗೆಯಲ್ಲಿರುವ ಇದ್ದಿಲು, ಗಂಧಕಗಳು ದುರ್ವಾಸನೆಯನ್ನು ಕೊಲ್ಲುವ ವಸ್ತುಗಳು. ಕೊಳಚೆಗೆ ಹೆದರಿದ ಊರು ಹೊಗೆಯನ್ನು ಅದಕ್ಕೆ ಮದ್ದೆಂದು ಉಸಿರಾಡಿತು.

ಕಾನೂನು ಇರಲಿಲ್ಲವೆಂದಲ್ಲ. 1853ರಲ್ಲೇ ಲಂಡನ್ನಿನ ಕಾರ್ಖಾನೆಗಳ ಕುಲುಮೆಗಳಿಗೆ ನಿರ್ಬಂಧ ಬಂತು. 1875ರ ಸಾರ್ವಜನಿಕ ಆರೋಗ್ಯದ ಕಾನೂನಿನಲ್ಲಿ ‘ಕಪ್ಪು ಹೊಗೆ’ ಬಿಡುವ ಚಿಮಣಿಗೆ ದಂಡವೆಂದು ಬರೆದು, ಖಾಸಗಿ ವಾಸದ ಮನೆಯ ಚಿಮಣಿಯನ್ನು ಹೊರತುಪಡಿಸಿ ಎಂದು ಸೇರಿಸಿದರು. ವಕೀಲರಿಗೆ ಹಬ್ಬವಾಯಿತು, ನನ್ನ ಕಕ್ಷಿಗಾರನ ಹೊಗೆ ಕಪ್ಪಲ್ಲ, ಕಡುಕಂದು ಎಂದು ವಾದಿಸಿ ಗೆದ್ದುಬಂದರು. ಈ ಮಾದರಿಯ ಹೊಗೆ ಕಾಯಿದೆಗಳು ನಮ್ಮ ದೇಶಕ್ಕೂ ಬಂದವು, 1905ರಲ್ಲಿ ಬಂಗಾಳಕ್ಕೆ, 1912ರಲ್ಲಿ ಮುಂಬಯಿಗೆ. ಪರೇಲ್, ಲಾಲ್‌ಬಾಗಿನ ಗಿರಣಿ ಚಿಮಣಿಗಳ ನೆರಳಿನಲ್ಲಿ ಬದುಕಿ ಬಾಳಿದ ನಮ್ಮ ಹಿರಿಯರಿಗೆ ಆ ಕಾಯಿದೆಯಿಂದ ಎಷ್ಟು ಸುಖವಾಯಿತೋ ಅವರೇ ಹೇಳಬೇಕು. ಅದರ ಕಣ್ಣೂ ಇದ್ದದ್ದು ಕುಲುಮೆಯ ಮೇಲೆಯೇ. ಚಾಳಿನ ಕೋಣೆ ಕೋಣೆಯ ಮುಂದೆ ಸಂಜೆ ಐದಕ್ಕೆ ಹೊತ್ತಿಕೊಳ್ಳುತ್ತಿದ್ದ ಸಿಗಡಿಗಳ ಮೇಲಲ್ಲ.

ಮನೆಯ ಬೆಂಕಿಯನ್ನು ಯಾಕೆ ಯಾರೂ ಮುಟ್ಟಲಿಲ್ಲ? ಹೇಳಿದವರು ಇಲ್ಲದೆ ಇರಲಿಲ್ಲ. 1880ರ ಭೀಕರ ಮಂಜಿನ ನಂತರ ರೋಲೊ ರಸೆಲ್ ಎಂಬಾತ, ಲಂಡನ್ನಿನ ಹೊಗೆಗೆ ಮನೆಗಳ ಅಗ್ಗಿಷ್ಟಿಕೆಗಳೇ ಮುಖ್ಯ ಕಾರಣವೆಂದು ಪುಸ್ತಿಕೆ ಬರೆದು ಸಾರಿದ. 1905ರಲ್ಲಿ ಡಾಕ್ಟರ್ ಡೆ ವೂ ಎಂಬವರು ಹೊಗೆ ಮತ್ತು ಮಂಜು ಎಂಬೆರಡು ಇಂಗ್ಲಿಷ್ ಶಬ್ದಗಳನ್ನು ಬೆಸೆದು ‘ಸ್ಮಾಗ್’ ಎಂಬ ಹೊಸ ಶಬ್ದವನ್ನೇ ಕೊಟ್ಟರು. ಆದರೆ ಇಂಗ್ಲಿಷರಿಗೆ ಆ ಬೆಂಕಿ ಬರಿಯ ಬೆಂಕಿಯಾಗಿರಲಿಲ್ಲ. ನಮ್ಮಲ್ಲಿ ದೇವರ ಮುಂದಿನ ದೀಪ ಹೇಗೋ ಅವರಲ್ಲಿ ನಡುಮನೆಯ ಬೆಂಕಿ ಹಾಗೆ. ಸಂಜೆ ಅದರ ಸುತ್ತ ಕುಳಿತರೇ ಸಂಸಾರ. 1945ರ ಡಿಸೆಂಬರಿನಲ್ಲಿ, ಯುದ್ಧ ಮುಗಿದು ಹೊಸ ಮನೆಗಳು ಏಳಬೇಕಾಗಿದ್ದಾಗ, ಜಾರ್ಜ್ ಆರ್ವೆಲ್‌ನಂಥ ನಿಷ್ಠುರ ಲೇಖಕನೂ ಕಲ್ಲಿದ್ದಲಿನ ತೆರೆದ ಬೆಂಕಿಯ ಪರವಾಗಿಯೇ ಪತ್ರಿಕೆಯಲ್ಲಿ ಬರೆದ. ಎದೆಯ ರೋಗದಿಂದ ನರಳುತ್ತಿದ್ದ ಆತ 1950ರಲ್ಲಿ ಕ್ಷಯದಿಂದ ತೀರಿಕೊಂಡ. ದೂರದವರಿಗೆ ಲಂಡನ್ನಿನ ಮಂಜು ಒಂದು ಸೊಬಗಾಗಿತ್ತು. ಫ್ರಾನ್ಸಿನ ಚಿತ್ರಕಾರ ಮೊನೆ ಅದರ ಬಣ್ಣಗಳನ್ನು ಚಿತ್ರಿಸಲೆಂದೇ ವರ್ಷವರ್ಷವೂ ಬಂದು ತಂಗುತ್ತಿದ್ದ.

ಇನ್ನು 1952ರ ಡಿಸೆಂಬರಿಗೆ ಬರೋಣ. ಯುದ್ಧದ ಸಾಲದಲ್ಲಿ ಬ್ರಿಟನ್ ಬಸವಳಿದಿತ್ತು. ಒಳ್ಳೆಯ ಕಲ್ಲಿದ್ದಲು ವಿದೇಶಕ್ಕೆ ಹೋಗುತ್ತಿತ್ತು, ಮನೆಮಂದಿಗೆ ಪಡಿತರ. ಡಿಸೆಂಬರ್ 1ರಿಂದ ಪುಡಿ ಮಿಶ್ರಿತ ಕಳಪೆ ಕಲ್ಲಿದ್ದಲನ್ನು ಮಾತ್ರ ಪಡಿತರದಿಂದ ಬಿಡುಗಡೆ ಮಾಡಿದ್ದರು. ಅಗ್ಗದ ಮಾಲು, ಬೇಕಾದಷ್ಟು ಕೊಳ್ಳಬಹುದು. ಚಳಿ ಕಡುವಾಗಿತ್ತು, ಜನ ಕೊಂಡರು. ಡಿಸೆಂಬರ್ 5, ಶುಕ್ರವಾರ, ಗಾಳಿ ನಿಂತುಹೋಯಿತು. ಸಾಮಾನ್ಯವಾಗಿ ನೆಲದ ಬಳಿಯ ಬೆಚ್ಚನೆಯ ಗಾಳಿ ಮೇಲೇರಿ ಹೊಗೆಯನ್ನೂ ಎತ್ತಿಕೊಂಡು ಹೋಗುತ್ತದೆ. ಅಂದು ನೆಲದ ಗಾಳಿಯೇ ತಣ್ಣಗಾಗಿ, ಅದರ ಮೇಲೆ ಬಿಸಿ ಗಾಳಿಯ ಪದರವೊಂದು ಪಾತ್ರೆಗೆ ತಟ್ಟೆ ಮುಚ್ಚಿದಂತೆ ಕುಳಿತುಕೊಂಡಿತು. ಲಕ್ಷಾಂತರ ಚಿಮಣಿಗಳ ಹೊಗೆ ಅದರೊಳಗೇ ಉಳಿಯಿತು. ಕಲ್ಲಿದ್ದಲಿನ ಗಂಧಕ ಮಂಜಿನ ಹನಿಗಳಲ್ಲಿ ಸೇರಿ ಆಮ್ಲವಾಯಿತು.

ಐದು ದಿನ ಊರು ಕುರುಡಾಯಿತು. ಬಸ್ಸುಗಳ ಮುಂದೆ ಕಂಡಕ್ಟರುಗಳು ಪಂಜು ಹಿಡಿದು ನಡೆದರು, ಆಮೇಲೆ ಬಸ್ಸುಗಳೂ ನಿಂತವು. ಸ್ಯಾಡ್ಲರ್ಸ್ ವೆಲ್ಸ್ ನಾಟಕಶಾಲೆಯೊಳಕ್ಕೆ ಮಂಜು ನುಗ್ಗಿ, ‘ಲಾ ಟ್ರಾವಿಯಾಟಾ’ ಸಂಗೀತ ನಾಟಕವನ್ನು ಮೊದಲ ಅಂಕಕ್ಕೇ ನಿಲ್ಲಿಸಿದರು. ಅದರ ಕಥಾನಾಯಕಿ ಕ್ಷಯರೋಗದಿಂದ ಸಾಯುವವಳು ಎಂಬುದನ್ನು ನೆನೆದರೆ ಕಸಿವಿಸಿಯಾಗುತ್ತದೆ. ಆ ವಾರ ಊರಿನಲ್ಲಿ ಸ್ಮಿತ್‌ಫೀಲ್ಡ್ ದನಗಳ ಪ್ರದರ್ಶನವಿತ್ತು. ಬಹುಮಾನಕ್ಕೆಂದು ಹಳ್ಳಿಗಳಿಂದ ತಂದಿದ್ದ ಕೊಬ್ಬಿದ ರಾಸುಗಳು ಏದುಸಿರು ಬಿಟ್ಟು ಒರಗಿದವು, ಕೆಲವನ್ನು ಕಡಿಯಬೇಕಾಯಿತು. ಪತ್ರಿಕೆಗಳಲ್ಲಿ ಮೊದಲು ಸುದ್ದಿಯಾದದ್ದು ಈ ದನಗಳು.

ಮನುಷ್ಯರು ಸಾಯುತ್ತಿದ್ದುದು ಆಗ ಕಾಣಿಸಲಿಲ್ಲ. ಸತ್ತವರಲ್ಲಿ ಬಹುಮಂದಿ ಮುದುಕರು, ಮೊದಲೇ ಗೂರಲು, ಎದೆಬೇನೆ ಇದ್ದವರು, ಹಸುಗೂಸುಗಳು. ಅವರು ತಮ್ಮ ತಮ್ಮ ಹಾಸಿಗೆಯಲ್ಲಿ, ಬೇರೆ ಬೇರೆ ಮನೆಯಲ್ಲಿ, ಬೇರೆ ಬೇರೆ ರೋಗದ ಹೆಸರಿನಲ್ಲಿ ಸತ್ತರು. ಹೊರಗೆ ಮಂಜು ದಟ್ಟವಾದಷ್ಟೂ ಮನೆಯವರು ಅಜ್ಜನಿಗೆ ಚಳಿಯಾದೀತೆಂದು ಬೆಂಕಿಗೆ ಇನ್ನೊಂದು ಸಲಿಕೆ ಕಲ್ಲಿದ್ದಲು ಹಾಕಿದರು. ಶವಪೆಟ್ಟಿಗೆಗಳು ಸಾಲದೆ ಹೋದಾಗ, ಹೂ ಮಾರುವವರ ಬಳಿ ಹೂ ಮುಗಿದಾಗ, ಸಾವಿನ ರಿಜಿಸ್ಟರುಗಳನ್ನು ಒಟ್ಟುಗೂಡಿಸಿದಾಗ ಲೆಕ್ಕ ಗೊತ್ತಾಯಿತು. ಆ ಕೆಲವು ದಿನಗಳಲ್ಲಿ ಮಾಮೂಲಿಗಿಂತ ಹೆಚ್ಚಾಗಿ ಸತ್ತವರು ಸುಮಾರು 4,000. ಗ್ರಾಂಟನ ವಿದ್ಯೆ ಮುನ್ನೂರು ವರ್ಷದ ಮೇಲೆ ಕೆಲಸಕ್ಕೆ ಬಂತು. ಆದರೆ ಮಂಜು ಕರಗಿದ ಮೇಲೂ ಜನವರಿ, ಫೆಬ್ರವರಿಯಲ್ಲಿ ಸಾವು ನಿಲ್ಲಲಿಲ್ಲ. ಅದು ಇನ್‌ಫ್ಲುಯೆಂಜಾ ಎಂದು ಆರೋಗ್ಯ ಇಲಾಖೆ ಷರಾ ಬರೆದು ಕೈತೊಳೆದುಕೊಂಡಿತು. 2001ರಲ್ಲಿ ಸಂಶೋಧಕರು ಆ ದಾಖಲೆಗಳನ್ನು ಮತ್ತೆ ಪರೀಕ್ಷಿಸಿ, ಒಟ್ಟು ಸಾವು 12,000ದ ಹತ್ತಿರವಿರಬೇಕೆಂದು ಅಂದಾಜು ಮಾಡಿದ್ದಾರೆ.

ಆಗ ವಸತಿ ಸಚಿವರಾಗಿದ್ದವರು ಹ್ಯಾರಲ್ಡ್ ಮ್ಯಾಕ್ಮಿಲನ್. ಸಂಪುಟಕ್ಕೆ ಅವರು ಬರೆದ ಗುಟ್ಟಿನ ಟಿಪ್ಪಣಿ ಬಹಳ ವರ್ಷಗಳ ಮೇಲೆ ಹೊರಬಂತು. ಯಾಕೋ ಜನಕ್ಕೂ ಪತ್ರಿಕೆಗಳಿಗೂ ಈ ಹೊಗೆಮಂಜು ತಲೆಗೇರಿದೆ, ನಾವು ಹೆಚ್ಚೇನೂ ಮಾಡಲಾರೆವು, ಒಂದು ಸಮಿತಿ ಮಾಡಿ ತುಂಬ ಕೆಲಸದಲ್ಲಿರುವಂತೆ ಕಾಣಿಸಿಕೊಳ್ಳಬಹುದು ಎಂಬುದು ಅದರ ಸಾರ. ರಾಜಕಾರಣಿಗಳು ಎಲ್ಲ ದೇಶದಲ್ಲೂ ಒಂದೇ. ಆದರೆ ಸಮಿತಿಯ ಅಧ್ಯಕ್ಷರಾದ ಸರ್ ಹ್ಯೂ ಬೀವರ್ ನಿಜವಾಗಿಯೇ ಕೆಲಸ ಮಾಡಿಬಿಟ್ಟರು. ಇವರು ಗಿನ್ನೆಸ್ ಬೀರು ಕಂಪನಿಯ ಮುಖ್ಯಸ್ಥರು. ನಮ್ಮ ಮಕ್ಕಳು ಮುಗಿಬಿದ್ದು ಓದುವ ಗಿನ್ನೆಸ್ ದಾಖಲೆಗಳ ಪುಸ್ತಕ ಹುಟ್ಟಿದ್ದೂ ಇವರ ತಲೆಯಲ್ಲಿಯೇ. ಈವ್ಲಿನ್ ಊರಿಂದಾಚೆ ಅಟ್ಟಬೇಕೆಂದಿದ್ದ ಕಸುಬಿನವನೇ, ಮುನ್ನೂರು ವರ್ಷದ ಮೇಲೆ, ಹೊಗೆಯ ಅರ್ಧದಷ್ಟು ಮನೆಗಳ ಒಲೆಯಿಂದ ಬರುತ್ತದೆಂದು ವರದಿ ಕೊಟ್ಟ.

1956ರ ಶುದ್ಧ ಗಾಳಿಯ ಕಾನೂನು ಮೊದಲ ಬಾರಿಗೆ ಮನೆಯ ಹೊಸ್ತಿಲು ದಾಟಿತು. ನಗರಸಭೆಗಳು ತಮ್ಮ ವ್ಯಾಪ್ತಿಯಲ್ಲಿ ಹೊಗೆಯಿಲ್ಲದ ವಲಯಗಳನ್ನು ಸಾರಬಹುದಾಯಿತು. ಒಲೆ ಬದಲಿಸುವ ಖರ್ಚಿನಲ್ಲಿ ನೂರಕ್ಕೆ ಎಪ್ಪತ್ತು ಪಾಲು ಸರ್ಕಾರ ಮತ್ತು ನಗರಸಭೆ ಭರಿಸಿದವು. ಈ ಎಪ್ಪತ್ತು ಪಾಲು ಇಲ್ಲದಿದ್ದರೆ ಕಾನೂನು ಕಾಗದದಲ್ಲೇ ಉಳಿಯುತ್ತಿತ್ತೆಂದು ನನ್ನ ಎಣಿಕೆ. ಇಷ್ಟಾಗಿಯೂ ಉತ್ತರದ ಗಣಿ ಊರುಗಳಲ್ಲಿ ಕೆಲಸ ಬಹಳ ನಿಧಾನವಾಯಿತು. ಅಲ್ಲಿ ಗಣಿಗಾರರಿಗೆ ಸಂಬಳದ ಜೊತೆಗೆ ಕಲ್ಲಿದ್ದಲೇ ರಿಯಾಯಿತಿಯಾಗಿ ಸಿಗುತ್ತಿತ್ತು. ಊಟ ಕೊಟ್ಟ ವಸ್ತುವನ್ನು ವಿಷವೆನ್ನಲು ಯಾರ ಬಾಯಿ ಬಂದೀತು? 1962ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಮತ್ತೊಮ್ಮೆ ಹೊಗೆಮಂಜು ಕವಿದು ನೂರಾರು ಮಂದಿ ಸತ್ತರು. ಆಮೇಲೆ ಸಮುದ್ರದ ತಳದಿಂದ ಅಗ್ಗದ ಅನಿಲ ಬಂತು, ಒಲೆಗಳು ತಾವಾಗಿ ಆರಿದವು.

ಈ ನಡುವೆ ನಡೆದ ಇನ್ನೊಂದು ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1957ರ ಅಕ್ಟೋಬರ್ 10ರಂದು ಇಂಗ್ಲೆಂಡಿನ ವಾಯವ್ಯ ಕರಾವಳಿಯ ವಿಂಡ್‌ಸ್ಕೇಲ್ ಅಣುಸ್ಥಾವರಕ್ಕೆ ಬೆಂಕಿ ಬಿತ್ತು. ವಿಕಿರಣಶೀಲ ಅಯೋಡಿನ್ ಗಾಳಿಗೆ ಸೇರಿ, ಹುಲ್ಲಿನ ಮೇಲೆ ಬಿದ್ದು, ಹಸುಗಳ ಹಾಲಿಗೆ ಬಂತು. ಕೆಲವೇ ದಿನಗಳಲ್ಲಿ ಸುಮಾರು 500 ಚದರ ಕಿಲೋಮೀಟರ್ ಪ್ರದೇಶದ ಹಾಲನ್ನು ಮಾರಕೂಡದೆಂದು ಆಜ್ಞೆಯಾಗಿ, ವಾರಗಟ್ಟಲೆ ಹಾಲು ಹೊಳೆಗೂ ಕಡಲಿಗೂ ಹರಿಯಿತು. ಈಗ ಪ್ರಧಾನಿಯಾಗಿದ್ದವರು ಅದೇ ಮ್ಯಾಕ್ಮಿಲನ್. ಅಪಘಾತದ ಪೂರ್ಣ ವರದಿಯನ್ನು ಅವರ ಸರ್ಕಾರ ಅದುಮಿಟ್ಟಿತು, ಮೂವತ್ತು ವರ್ಷ ಅದು ಹೊರಬರಲಿಲ್ಲ. 2007ರ ಒಂದು ಅಂದಾಜಿನಂತೆ ಆ ಬೆಂಕಿಯಿಂದ ಒಟ್ಟು 240ರಷ್ಟು ಕ್ಯಾನ್ಸರ್ ರೋಗಗಳು ತಲೆದೋರಿರಬಹುದು.

ಹಾಲು ಚೆಲ್ಲಿದ್ದು ತಪ್ಪೆಂದು ಇದರ ಅರ್ಥವಲ್ಲ. ಆ ಅಯೋಡಿನ್ ನೇರವಾಗಿ ಹೋಗಿ ಕೂರುವುದು ಮಕ್ಕಳ ಗಂಟಲಿನ ಗ್ರಂಥಿಯಲ್ಲಿ, ಚೆಲ್ಲಿದ್ದೇ ಸರಿ. ಆದರೆ ಒಂದೇ ದೇಶ, ಒಂದೇ ದಶಕ, ಒಬ್ಬನೇ ಮುಖಂಡ. ಒಂದು ಅಪಾಯಕ್ಕೆ ಕೆಲವು ದಿನದಲ್ಲಿ ಆಜ್ಞೆ, ಇನ್ನೊಂದಕ್ಕೆ ಸಾವಿರಾರು ಹೆಣ ಬಿದ್ದ ಮೇಲೂ ನಾಲ್ಕು ವರ್ಷ ಮೀನಮೇಷ. ಅಣುಸ್ಥಾವರ ಹೊಸದು, ಕಣ್ಣಿಗೆ ಕಾಣದ ವಿಷ ಬಿಡುವಂಥದ್ದು, ಬೇಲಿಯೊಳಗಿನದು. ಅದಕ್ಕೊಬ್ಬ ಯಜಮಾನನಿದ್ದ, ಬೆರಳು ತೋರಬಹುದಿತ್ತು. ಒಲೆಯ ಕಡೆ ಬೆರಳು ತೋರಿದರೆ ಅದು ತನ್ನ ಎದೆಗೇ ತಿರುಗುತ್ತಿತ್ತು.

ಮೇರಿ ಡಗ್ಲಸ್ ಎಂಬ ಮಾನವಶಾಸ್ತ್ರಜ್ಞೆ, ಏರನ್ ವಿಲ್ಡಾವ್‌ಸ್ಕಿ ಎಂಬ ರಾಜ್ಯಶಾಸ್ತ್ರಜ್ಞನೊಡನೆ 1982ರಲ್ಲಿ ಇದೇ ವಿಷಯದ ಮೇಲೆ ಒಂದು ಗ್ರಂಥ ಬರೆದರು. ಆಕೆ ಕಾಂಗೋ ದೇಶದ ಲೆಲೆ ಜನರ ನಡುವೆ ಇದ್ದು ಬಂದವರು. ಜ್ವರ, ಕ್ಷಯ, ಕುಷ್ಠ, ಹೊಟ್ಟೆಬೇನೆ ಎಲ್ಲವೂ ಕಾಡುತ್ತಿದ್ದ ಆ ಜನರ ಮುಖ್ಯ ಚಿಂತೆ ಮೂರೇ: ಸಿಡಿಲು, ಬಂಜೆತನ ಮತ್ತು ಎದೆಗೂಡಿನ ಕೆಮ್ಮು. ಈ ಮೂರನ್ನೂ ಯಾರದೋ ತಪ್ಪು ನಡತೆಗೆ ಜೋಡಿಸುತ್ತಿದ್ದರು. ಪ್ರತಿಯೊಂದು ಸಮಾಜವೂ ಯಾರನ್ನು ದೂಷಿಸಬೇಕೆಂದು ಮೊದಲು ಗೊತ್ತುಮಾಡಿಕೊಂಡು, ಅದಕ್ಕೆ ಹೊಂದುವ ಅಪಾಯವನ್ನು ಆರಿಸಿಕೊಳ್ಳುತ್ತದೆ ಎಂಬುದು ಅವರ ವಾದ. ಲಂಡನ್ನಿನ ಕಥೆಗೆ ಇದು ಚೆನ್ನಾಗಿ ಒಪ್ಪುತ್ತದೆ. ಆದರೂ ಈ ವಾದವನ್ನು ಕಡೆತನಕ ಎಳೆದರೆ ಅಪಾಯವೆಲ್ಲ ಮನಸ್ಸಿನ ಆಟವೆಂದಾಗುತ್ತದೆ. ಆ ಹನ್ನೆರಡು ಸಾವಿರ ಜನ ಯಾರ ಅಭಿಪ್ರಾಯದಿಂದಲೂ ಸತ್ತವರಲ್ಲ.

ನಮ್ಮ ಮನೆಗಳಿಗೆ ಬರೋಣ. ಕರ್ನಾಟಕದ ಯಾವ ಹಳ್ಳಿಯ ಹಳೆಯ ಅಡಿಗೆಮನೆಯನ್ನು ನೆನೆದರೂ ಜಂತಿಗಳಿಂದ ಜೋಲುವ ಇಲ್ಲಣ, ಊದುಗೊಳವೆ ಹಿಡಿದು ಕಣ್ಣೊರೆಸಿಕೊಳ್ಳುವ ಅಜ್ಜಿ ಎದುರಿಗೆ ಬರುತ್ತಾರೆ. ಹೊಗೆಯನ್ನು ಅಪಾಯವೆಂದು ಅಲ್ಲಿ ಯಾರೂ ತಿಳಿದಿರಲಿಲ್ಲ. ಅಟ್ಟದ ಮೇಲಿನ ಕೊಬ್ಬರಿ ಒಣಗಬೇಕಾದರೆ ಹೊಗೆ ಬೇಕು, ಹುಲ್ಲಿನ ಮಾಡಿಗೆ ಹುಳು ಹತ್ತಬಾರದೆಂದರೆ ಹೊಗೆ ಬೇಕು. ಕೆಮ್ಮು ವಯಸ್ಸಿನದು, ಕಣ್ಣಿನ ನೀರು ಹಸಿ ಸೌದೆಯದು. 1980ರ ದಶಕದಲ್ಲಿ ಕೈಗಾ ಅಣುಸ್ಥಾವರ ಬೇಡವೆಂದು ಉತ್ತರ ಕನ್ನಡದಲ್ಲಿ ಚಳವಳಿ ಎದ್ದಿತು; ಶಿವರಾಮ ಕಾರಂತರು ಅದರ ಮುಂದೆ ನಿಂತು, 1989ರಲ್ಲಿ ಲೋಕಸಭೆಗೂ ಸ್ಪರ್ಧಿಸಿದರು. ಕಾರಂತರ ಆತಂಕ ಪೊಳ್ಳೆನ್ನುವ ಧೈರ್ಯ ನನಗಿಲ್ಲ. 1984ರ ಡಿಸೆಂಬರಿನ ಭೋಪಾಲದ ರಾತ್ರಿಯನ್ನು ಕಂಡ ದೇಶ ಬೇಲಿಯೊಳಗಿನ ಕಾರ್ಖಾನೆಗೆ ಹೆದರದೆ ಇರಲಾರದು. ಆ ರಾತ್ರಿಯಿಂದಲೇ 1986ರ ಪರಿಸರ ಸಂರಕ್ಷಣಾ ಕಾನೂನು ಹುಟ್ಟಿತು. ಅಡಿಗೆಮನೆಯ ಹೊಗೆಯ ವಿರುದ್ಧ ಮೆರವಣಿಗೆ ಹೊರಟದ್ದನ್ನು ಮಾತ್ರ ನಾನು ಕೇಳಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಪ್ರಪಂಚದಲ್ಲಿ ಮನೆಯೊಳಗಿನ ಹೊಗೆಯಿಂದ ಸತ್ತವರು 32 ಲಕ್ಷ.

ಒಲೆಯನ್ನು ಸುಧಾರಿಸುವ ಕೆಲಸ ನಡೆಯಲಿಲ್ಲವೇ? ನಡೆಯಿತು, ಅದೂ ನಮ್ಮ ಬೆಂಗಳೂರಿನಲ್ಲೇ. ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ವಿಭಾಗ ಕಟ್ಟಿದರು. ಅಲ್ಲಿಂದ ಬಂದ, ಮೂರು ಪಾತ್ರೆ ಇಡಬಹುದಾದ, ಹೊಗೆಕೊಳವೆಯಿರುವ ಅಸ್ತ್ರ ಒಲೆಯನ್ನು ಊರಿಗೆ ಹೋದಾಗ ಅನೇಕರು ನೋಡಿರಬಹುದು. 1983ರಲ್ಲಿ ಕೇಂದ್ರ ಸರ್ಕಾರವೂ ದೇಶಕ್ಕೆಲ್ಲ ಸುಧಾರಿತ ಒಲೆಯ ಯೋಜನೆ ಹಾಕಿತು. ಆದರೆ ಆ ಕಾಲದಲ್ಲಿ ಎಲ್ಲರನ್ನೂ ಕಾಡುತ್ತಿದ್ದ ಭಯ ಸೌದೆಯ ಅಭಾವದ್ದು, ಕಾಡು ಬರಿದಾಗುವುದರದ್ದು. ಒಲೆಯ ಗುಣವನ್ನು ಮುಖ್ಯವಾಗಿ ಅಳೆದದ್ದು ಎಷ್ಟು ಸೌದೆ ಉಳಿಯಿತೆಂಬುದರಿಂದ. ಅದೇ ವರ್ಷಗಳಲ್ಲಿ ಕಿರ್ಕ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿ, ಭಾರತೀಯ ಸಹೋದ್ಯೋಗಿಗಳೊಡನೆ ಗುಜರಾತಿನ ಕೆಲವು ಹಳ್ಳಿಗಳಿಗೆ ಹೋಗಿ, ಅಡಿಗೆ ಮಾಡುವ ಹೆಂಗಸರ ಮೈಮೇಲೆಯೇ ಮಾಪಕ ಕಟ್ಟಿ, ಅವರು ಉಸಿರಾಡುವ ಹೊಗೆ ಎಷ್ಟೆಂದು ತೂಗಿ ನೋಡಿದರು. ಕಾರ್ಖಾನೆಗಳಿರುವ ದೊಡ್ಡ ನಗರಗಳ ಬೀದಿಯ ಹೊಗೆಗಿಂತ ಅದು ಎಷ್ಟೋ ಪಟ್ಟು ಹೆಚ್ಚಾಗಿತ್ತು.